ಇಬ್ನು ಮುಲ್ಜಮ್: ಕುರ್‌ಆನ್ ಬೋಧಕನೊಬ್ಬ ಹಂತಕನಾದ ಇತಿಹಾಸ

ರಮಝಾನ್ 17 ಎಂದೊಡನೆ ನಮಗೆಲ್ಲ ನೆನಪಾಗುವುದು ಬದ್ರ್. ಆ ದಿನ ನಮ್ಮ ಮಸೀದಿಗಳಲ್ಲಿ ಬದ್ರ್‌ನ ಹುತಾತ್ಮರ ಸ್ಮರಣೆ ನಡೆಯುತ್ತದೆ, ಮಕ್ಕಳು ಅವರ ಹೆಸರುಗಳನ್ನು ಕೇಳುತ್ತಾರೆ. ಬದ್ರ್ ನಡೆದು 38 ವರ್ಷಗಳ ತರುವಾಯ, ಹಿಜರಿ 40ರಲ್ಲಿ (ಕ್ರಿ.ಶ. 661) ಬಂದ ರಮಝಾನ್ 17ನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಹಲವು ಇತಿಹಾಸಕಾರರ ಪ್ರಕಾರ ಅಂದು ಶುಕ್ರವಾರದ ನಸುಕಿನಲ್ಲಿ, ಕೂಫಾ ಪಟ್ಟಣದ ಮಸೀದಿಯಲ್ಲಿ, ಬದ್ರ್‌ನ ವೀರರಲ್ಲೊಬ್ಬರೂ ಪ್ರವಾದಿವರ್ಯರ(ಸ) ಅಳಿಯಂದಿರೂ ನಾಲ್ಕನೆಯ ಖಲೀಫರೂ ಆಗಿದ್ದ ಹ. ಅಲೀ(ರ)ರ ನೆತ್ತಿಯ ಮೇಲೆ ವಿಷ ಹಚ್ಚಿದ ಖಡ್ಗವೊಂದು ಬಿತ್ತು. ಶಿಯಾ ಪರಂಪರೆಯಲ್ಲಿ ಈ ದಿನ ರಮಝಾನ್ 19 ಎಂದಿದೆ.

ಹ. ಉಮರ್(ರ)ರನ್ನು ಇರಿದವನು ಮುಸ್ಲಿಮನಾಗಿರಲಿಲ್ಲ. ಅಲೀ(ರ)ರನ್ನು ಹೊಡೆದವನಾದರೋ ನಮಾಝಿಯಾಗಿದ್ದ, ಕುರ್‌ಆನ್ ಬಲ್ಲವನಾಗಿದ್ದ, ಅದನ್ನು ಇತರರಿಗೆ ಕಲಿಸಿದವನೂ ಆಗಿದ್ದ. ಕುರ್‌ಆನ್ ಕಲಿಸುವುದನ್ನೇ ಜೀವನದ ಕಾಯಕವನ್ನಾಗಿ ಮಾಡಿಕೊಂಡಿರುವ ನಮ್ಮಂಥವರು ಅವನ ಕಥೆಯನ್ನು ಶಾಪ ಹಾಕಿ ಮುಗಿಸಿಬಿಡುವಂತಿಲ್ಲ. ಅವನು ಯಾರು, ಅವನನ್ನು ಅಲ್ಲಿಗೆ ತಂದು ನಿಲ್ಲಿಸಿದ್ದು ಯಾವುದು ಎಂದು ಕೇಳಬೇಕಾಗಿದೆ.

ಅವನ ಹೆಸರು ಅಬ್ದುರ್ರಹ್ಮಾನ್ ಇಬ್ನು ಮುಲ್ಜಮ್. ಯಮನ್ ಮೂಲದ ಮುರಾದ್ ಗೋತ್ರದ ನಂಟಿನಿಂದಾಗಿ ಅವನನ್ನು ಮುರಾದೀ ಎಂದು ಕರೆಯುತ್ತಾರೆ. ಇಮಾಮ್ ದಹಬೀಯವರು ಹಳೆಯ ಈಜಿಪ್ಟಿನ ಚರಿತ್ರೆಕಾರರಿಂದ ಉದ್ಧರಿಸಿರುವ ವಿವರಗಳು ಬೆರಗು ಹುಟ್ಟಿಸುತ್ತವೆ. ಅದರ ಪ್ರಕಾರ ಅವನು ಹ. ಮುಆದ್ ಇಬ್ನು ಜಬಲ್(ರ)ರಂಥ ಮಹಾವಿದ್ವಾಂಸರ ಬಳಿ ಕುರ್‌ಆನ್ ಓದಿದವನು. ಈಜಿಪ್ಟಿನ ವಿಜಯದಲ್ಲಿ ಪಾಲ್ಗೊಂಡು ಅಲ್ಲಿಯೇ ನೆಲೆಸಿದ್ದ. ಜನರಿಗೆ ಕುರ್‌ಆನ್ ಮತ್ತು ಫಿಕ್ಹ್ ಕಲಿಸಲು ಅನುಕೂಲವಾಗಲೆಂದು ಅವನಿಗೆ ಮಸೀದಿಯ ಸಮೀಪದಲ್ಲಿಯೇ ಮನೆ ಕೊಡಬೇಕೆಂದು ಸ್ವತಃ ಖಲೀಫಾ ಉಮರ್(ರ)ರವರೇ ಅಲ್ಲಿನ ರಾಜ್ಯಪಾಲರಾದ ಹ. ಅಮ್ರ್ ಇಬ್ನುಲ್ ಆಸ್(ರ)ರಿಗೆ ಪತ್ರ ಬರೆದಿದ್ದರಂತೆ. ಆರಾಧನೆಯಲ್ಲಿ ಮಗ್ನರಾಗಿದ್ದವರ ಸಾಲಿನಲ್ಲಿ ಅವನ ಹೆಸರಿತ್ತು. ಮುಂದೆ ಅವನು ಕೂಫಾಕ್ಕೆ ಬಂದು ಅಲೀ(ರ)ರ ಬೆಂಬಲಿಗರಲ್ಲಿ ಒಬ್ಬನಾದ, ಸಿಫ್ಫೀನ್‌ನಲ್ಲಿ ಅವರ ಪಕ್ಷದಲ್ಲಿಯೇ ನಿಂತು ಹೋರಾಡಿದ. ಕೊಂದವನು ಒಂದು ಕಾಲದಲ್ಲಿ ಅವರ ಸೈನಿಕನೇ.

ತಿರುವು ಬಂದದ್ದು ಸಿಫ್ಫೀನ್‌ನಲ್ಲಿ. ಹಿಜರಿ 37ರಲ್ಲಿ (ಕ್ರಿ.ಶ. 657) ಯೂಫ್ರಟೀಸ್ ನದಿಯ ದಡದಲ್ಲಿ ಅಲೀ(ರ)ರ ಸೇನೆಯೂ ಶಾಮ್‌ನ ರಾಜ್ಯಪಾಲ ಹ. ಮುಆವಿಯಾ(ರ)ರ ಸೇನೆಯೂ ಎದುರುಬದುರಾದವು. ಸಹಾಬಿಗಳ ನಡುವಣ ಆ ಭಿನ್ನಾಭಿಪ್ರಾಯದ ಬಗ್ಗೆ ನಾಲಗೆ ಬಿಗಿಹಿಡಿಯುವುದು ನಮ್ಮ ಹಿರಿಯರ ರೂಢಿ. ನಾವೂ ಅದನ್ನು ಮೀರುವುದಿಲ್ಲ. ಇಲ್ಲಿ ನಮಗೆ ಬೇಕಾದದ್ದು ಇಷ್ಟೇ: ಕಾಳಗ ಬಿರುಸಾಗಿದ್ದಾಗ ಶಾಮ್‌ನ ಸೈನಿಕರು ಕುರ್‌ಆನ್ ಪ್ರತಿಗಳನ್ನು ಈಟಿಗಳ ತುದಿಗೆ ಕಟ್ಟಿ ಎತ್ತಿಹಿಡಿದರು. ನಮ್ಮ ನಿಮ್ಮ ನಡುವೆ ಅಲ್ಲಾಹನ ಗ್ರಂಥವೇ ತೀರ್ಪು ಕೊಡಲಿ ಎಂದರು. ಅಲೀ(ರ)ರಿಗೆ ಇದು ಯುದ್ಧತಂತ್ರವೆನ್ನಿಸಿತು. ಆದರೆ ಅವರ ಸೇನೆಯಲ್ಲಿದ್ದ ಅನೇಕರು, ವಿಶೇಷವಾಗಿ ಕುರ್‌ಆನ್ ಪಾರಾಯಣಕ್ಕೆ ಹೆಸರಾದವರು, ಕತ್ತಿ ಕೆಳಗಿಡಲೇಬೇಕೆಂದು ಹಟ ಹಿಡಿದರು. ಅಲೀ(ರ) ಒಪ್ಪಿದರು. ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥರು ನೇಮಕವಾದರು. ಒಪ್ಪಂದ ಬರೆಯಲ್ಪಟ್ಟಿತೋ ಇಲ್ಲವೋ, ಆ ಹಟ ಹಿಡಿದವರಲ್ಲಿಯೇ ಹಲವರು ಮಾತು ತಿರುಗಿಸಿದರು. ತೀರ್ಪಿನ ಅಧಿಕಾರ ಅಲ್ಲಾಹನಿಗೆ ಮಾತ್ರ ಸೇರಿದ್ದು, ಅದನ್ನು ಮನುಷ್ಯರ ಕೈಗೆ ಕೊಟ್ಟ ಅಲೀ ಧರ್ಮಭ್ರಷ್ಟರಾದರು ಎಂದು ಕೂಗತೊಡಗಿದರು. ಕೂಫಾಕ್ಕೆ ಹಿಂತಿರುಗುವಾಗ ಸೇನೆಯಿಂದ ಬೇರೆಯಾಗಿ ಹರೂರಾ ಎಂಬಲ್ಲಿ ಬೀಡುಬಿಟ್ಟರು. ಹೊರಟುಹೋದವರು ಎಂಬ ಅರ್ಥದಲ್ಲಿ ಇತಿಹಾಸ ಅವರನ್ನು ಖವಾರಿಜ್ ಎಂದು ಕರೆಯಿತು.

ಅವರ ಘೋಷಣೆಯನ್ನು ಕೇಳಿದ ಅಲೀ(ರ), ಮಾತು ಸತ್ಯವೇ, ಆದರೆ ಅದರಿಂದ ಬಯಸುತ್ತಿರುವುದು ಅಸತ್ಯ ಎಂಬ ಅಭಿಪ್ರಾಯ ವ್ಯಕ್ತಪಡಿಸಿದರು. ಕುರ್‌ಆನಿನ ವಚನವನ್ನು ಅವರು ಸುಳ್ಳಾಗಿ ಓದಲಿಲ್ಲ, ಒಂದಕ್ಷರವನ್ನೂ ಬದಲಿಸಲಿಲ್ಲ. ಉಳಿದ ವಚನಗಳಿಂದ ಬೇರ್ಪಡಿಸಿ ಓದಿದರು, ಅಷ್ಟೇ.

ಅದು ಎಷ್ಟು ದೊಡ್ಡ ದೋಷವೆಂದು ತೋರಿಸಿಕೊಟ್ಟವರು ಹ. ಅಬ್ದುಲ್ಲಾ ಇಬ್ನು ಅಬ್ಬಾಸ್(ರ). ಅವರು ಒಂಟಿಯಾಗಿ ಆ ಬೀಡಿಗೆ ಹೋದರು. ಬೇಕೆಂದೇ ಯಮನ್‌ನ ಒಳ್ಳೆಯ ಉಡುಪು ಧರಿಸಿದ್ದರು. ಅಲ್ಲಿ ಕಂಡವರ ವರ್ಣನೆಯನ್ನು ಅವರೇ ಕೊಟ್ಟಿದ್ದಾರೆ: ಸುಜೂದ್‌ನಿಂದ ಗಾಯಗೊಂಡ ಹಣೆಗಳು, ಒಂಟೆಯ ಮಂಡಿಯಂತೆ ಗಡುಸಾದ ಅಂಗೈಗಳು, ನಿದ್ದೆಗೆಟ್ಟು ಬಾಡಿದ ಮುಖಗಳು. ಅವರಷ್ಟು ಆರಾಧನಾಶೀಲರನ್ನು ತಾನು ಕಂಡೇ ಇರಲಿಲ್ಲವೆನ್ನುತ್ತಾರೆ ಇಬ್ನು ಅಬ್ಬಾಸ್(ರ). ಅವರ ಉಡುಪನ್ನೇ ಮೊದಲು ಆಕ್ಷೇಪಿಸಿದ ಆ ಜನರು ಬಳಿಕ ಮೂರು ಆರೋಪ ಮುಂದಿಟ್ಟರು. ಅಲೀ ಮನುಷ್ಯರನ್ನು ತೀರ್ಪುಗಾರರನ್ನಾಗಿ ಮಾಡಿದರು. ಜಮಲ್ ಕಾಳಗದಲ್ಲಿ ಗೆದ್ದರೂ ಸೋತವರನ್ನು ಸೆರೆಯಾಳುಗಳನ್ನಾಗಿ ಮಾಡಲಿಲ್ಲ, ಅವರ ಸೊತ್ತು ಹಂಚಲಿಲ್ಲ. ಒಪ್ಪಂದ ಪತ್ರದಿಂದ ಅಮೀರುಲ್ ಮುಅ್‌ಮಿನೀನ್ ಎಂಬ ತನ್ನ ಬಿರುದನ್ನು ಅಳಿಸಲು ಒಪ್ಪಿದರು.

ಇಬ್ನು ಅಬ್ಬಾಸ್(ರ) ಕುರ್‌ಆನ್‌ನಿಂದಲೇ ಉತ್ತರಿಸಿದರು. ಇಹ್ರಾಮ್‌ನಲ್ಲಿದ್ದವನು ಒಂದು ಮೊಲವನ್ನು ಬೇಟೆಯಾಡಿದರೆ ಅದರ ಪರಿಹಾರವನ್ನು ಇಬ್ಬರು ನ್ಯಾಯವಂತ ಮನುಷ್ಯರು ತೀರ್ಮಾನಿಸಬೇಕೆಂದು ಕುರ್‌ಆನ್ ಹೇಳುತ್ತದೆ. ಗಂಡ ಹೆಂಡಿರ ಜಗಳಕ್ಕೂ ಎರಡೂ ಕುಟುಂಬಗಳಿಂದ ತೀರ್ಪುಗಾರರನ್ನು ಕರೆಯಲು ಹೇಳುತ್ತದೆ. ಒಂದು ಮೊಲದ ವಿಷಯದಲ್ಲಿ ಮನುಷ್ಯರ ತೀರ್ಪು ಸರಿಯೆಂದಾದರೆ, ಸಾವಿರಾರು ಮುಸ್ಲಿಮರ ರಕ್ತ ಉಳಿಸುವ ವಿಷಯದಲ್ಲಿ ಏಕೆ ತಪ್ಪು? ಜಮಲ್‌ನಲ್ಲಿ ಎದುರು ಪಕ್ಷದಲ್ಲಿದ್ದವರು ನಿಮ್ಮ ತಾಯಿ ಆಯಿಶಾ(ರ), ಅವರನ್ನು ಸೆರೆಯಾಳಾಗಿ ಹಂಚಿಕೊಳ್ಳುತ್ತಿದ್ದಿರಾ? ಹುದೈಬಿಯಾದಲ್ಲಿ ಪ್ರವಾದಿವರ್ಯರು(ಸ) ತಮ್ಮ ಹೆಸರಿನ ಮುಂದಿನ ರಸೂಲುಲ್ಲಾಹ್ ಎಂಬ ಪದವನ್ನು ಅಳಿಸಲು ಒಪ್ಪಿದಾಗ ಅವರು ರಸೂಲರಲ್ಲವೆಂದಾಯಿತೇ? ವರದಿಯೊಂದರ ಪ್ರಕಾರ ಅಂದು ಸುಮಾರು ಎರಡು ಸಾವಿರ ಮಂದಿ ಮರಳಿ ಬಂದರು. ಬಾರದೆ ಉಳಿದವರು ಹೆಚ್ಚು.

ಉಳಿದವರೊಂದಿಗೆ ಅಲೀ(ರ) ನಡೆದುಕೊಂಡ ಬಗೆ ನಮ್ಮ ಕಾಲದ ಸರಕಾರಗಳಿಗೂ ಅಪರೂಪದ್ದು. ನಿಮ್ಮನ್ನು ಮಸೀದಿಗಳಿಂದ ತಡೆಯುವುದಿಲ್ಲ, ಬೊಕ್ಕಸದಿಂದ ನಿಮಗೆ ಸಲ್ಲಬೇಕಾದ ಪಾಲನ್ನು ನಿಲ್ಲಿಸುವುದಿಲ್ಲ, ನೀವು ಕೈಯೆತ್ತುವ ತನಕ ನಾವು ಯುದ್ಧ ಆರಂಭಿಸುವುದಿಲ್ಲ ಎಂದು ಅವರು ಮೂರು ಭರವಸೆ ಕೊಟ್ಟರು. ಅವರ ಮುಖದೆದುರೇ ಅವರನ್ನು ಕಾಫಿರ್ ಎಂದು ಕರೆಯುತ್ತಿದ್ದವರಿಗೆ ಕೊಟ್ಟ ಭರವಸೆಯಿದು.

ಕೈಯೆತ್ತಿದವರು ಅವರೇ. ಸಹಾಬಿ ಖಬ್ಬಾಬ್(ರ)ರ ಪುತ್ರ ಅಬ್ದುಲ್ಲಾ ತನ್ನ ಗರ್ಭಿಣಿ ಪತ್ನಿಯೊಂದಿಗೆ ಪ್ರಯಾಣಿಸುತ್ತಿದ್ದಾಗ ಅವರ ಕೈಗೆ ಸಿಕ್ಕಿದರು. ಅಲೀ(ರ)ರ ಬಗ್ಗೆ ಅಭಿಪ್ರಾಯ ಕೇಳಿದಾಗ ಅವರು ಒಳ್ಳೆಯದನ್ನೇ ಹೇಳಿದರು. ಅವರನ್ನು ಹಿಡಿದುಕೊಂಡು ಹೋಗುತ್ತಿರುವಾಗ ಖರ್ಜೂರದ ಮರದಿಂದ ಬಿದ್ದ ಹಣ್ಣೊಂದನ್ನು ಗುಂಪಿನವನೊಬ್ಬ ಬಾಯಿಗೆ ಹಾಕಿಕೊಂಡ. ಬೆಲೆ ಕೊಡದೆ, ಮಾಲಕನ ಅನುಮತಿಯಿಲ್ಲದೆ ತಿನ್ನುವೆಯಾ ಎಂದು ಇನ್ನೊಬ್ಬ ಗದರಿದ. ಅವನು ಉಗುಳಿಬಿಟ್ಟ. ಒಬ್ಬ ಮುಸ್ಲಿಮೇತರ ಪ್ರಜೆಯ ಹಂದಿಯನ್ನು ಒಬ್ಬಾತ ಕತ್ತಿಯಿಂದ ಹೊಡೆದಾಗ, ಇದು ಭೂಮಿಯಲ್ಲಿ ಕ್ಷೋಭೆ ಹರಡುವುದಾಗಿದೆ ಎಂದು ಹೇಳಿ ಮಾಲಕನನ್ನು ಹುಡುಕಿ ಸಮಾಧಾನಪಡಿಸಿದರು. ಆ ಬಳಿಕ ಅಬ್ದುಲ್ಲಾರನ್ನು ನದಿಯ ದಡಕ್ಕೆ ಕರೆದೊಯ್ದು ಕತ್ತು ಕೊಯ್ದರು. ಅವರ ಗರ್ಭಿಣಿ ಪತ್ನಿಯ ಹೊಟ್ಟೆಯನ್ನು ಸೀಳಿದರು.

ಈ ಘಟನೆಯನ್ನು ನಾವು ಮದ್ರಸಾದ ದೊಡ್ಡ ತರಗತಿಯ ಮಕ್ಕಳಿಗೆ ಹೇಳುವಾಗ ಅವರು ಮೊದಲು ಆ ಖರ್ಜೂರದ ಭಾಗಕ್ಕೆ ಮೆಚ್ಚುಗೆಯಿಂದ ತಲೆದೂಗುತ್ತಾರೆ. ಮುಂದಿನ ವಾಕ್ಯ ಬಂದಾಗ ತರಗತಿ ಸ್ತಬ್ಧವಾಗುತ್ತದೆ. ಆ ಗುಂಪಿನವರ ತಕ್ವಾ ಸುಳ್ಳೇ ಎಂದು ಒಬ್ಬನಾದರೂ ಕೇಳುತ್ತಾನೆ. ಸುಳ್ಳಲ್ಲವೆಂಬುದೇ ಇಲ್ಲಿನ ಕಷ್ಟ. ಅವರು ಖರ್ಜೂರವನ್ನು ಉಗುಳಿದ್ದು ಯಾರಿಗೂ ತೋರಿಸಲಿಕ್ಕಲ್ಲ.

ಕೊಲೆಗಾರರನ್ನು ಒಪ್ಪಿಸಬೇಕೆಂದು ಅಲೀ(ರ) ಕೇಳಿದರು. ನಾವೆಲ್ಲರೂ ಅವರನ್ನು ಕೊಂದವರೇ ಎಂಬ ಉತ್ತರ ಬಂತು. ಹಿಜರಿ 38ರಲ್ಲಿ ನಹ್ರವಾನ್‌ನಲ್ಲಿ ಕಾಳಗವಾಯಿತು. ಅದಕ್ಕೆ ಮುನ್ನ ಅಭಯದ ಧ್ವಜ ನೆಟ್ಟು, ಅದರ ಕೆಳಗೆ ಬಂದವರಿಗೂ ಮನೆಗೆ ಹಿಂತಿರುಗಿದವರಿಗೂ ಅಪಾಯವಿಲ್ಲವೆಂದು ಸಾರಲಾಯಿತು. ಅನೇಕರು ಹೋದರು. ನಿಂತವರಲ್ಲಿ ಬಹುತೇಕ ಎಲ್ಲರೂ ಅಳಿದರು. ಅವರು ಕಾಫಿರರೇ ಎಂದು ಜನ ಅಲೀ(ರ)ರನ್ನು ಕೇಳಿದಾಗ ಅವರು ಕುಫ್ರ್‌ನಿಂದ ಓಡಿಹೋದವರು ಎಂದರು. ಕಪಟವಿಶ್ವಾಸಿಗಳೇ ಎಂದು ಕೇಳಿದಾಗ, ಕಪಟಿಗಳು ಅಲ್ಲಾಹನನ್ನು ಸ್ಮರಿಸುವುದು ಅಲ್ಪ, ಇವರು ಹಾಗಲ್ಲ ಎಂದರು. ನಮ್ಮ ಮೇಲೆ ದಂಗೆಯೆದ್ದ ನಮ್ಮ ಸಹೋದರರು ಎಂಬುದಷ್ಟೇ ಅವರ ತೀರ್ಪಾಗಿತ್ತು.

ಗೆಲುವು ಅಲೀ(ರ)ರದಾಯಿತು. ಆದರೆ ಕೂಫಾದ ಬೀದಿಬೀದಿಗಳಲ್ಲಿ ಸತ್ತವರ ತಾಯಂದಿರು, ಪತ್ನಿಯರು, ಪುತ್ರಿಯರು ಇದ್ದರು. ಶವಗಳೊಂದಿಗೆ ಹಗೆ ಹೂತುಹೋಗಲಿಲ್ಲ.

ಎರಡು ವರ್ಷದ ತರುವಾಯ ಮಕ್ಕಾದಲ್ಲಿ ಮೂವರು ಕೂಡಿದರು. ಇಬ್ನು ಮುಲ್ಜಮ್, ಬುರಕ್ ಇಬ್ನು ಅಬ್ದುಲ್ಲಾ ಮತ್ತು ಅಮ್ರ್ ಇಬ್ನು ಬಕ್ರ್. ನಹ್ರವಾನ್‌ನಲ್ಲಿ ಮಡಿದವರನ್ನು ನೆನೆದು ಮರುಗಿದರು. ಅವರಿಲ್ಲದ ಮೇಲೆ ನಮ್ಮ ಬದುಕಿಗೇನು ಅರ್ಥ ಎಂದುಕೊಂಡರು. ಜನರನ್ನು ದಾರಿಗೆಡಿಸಿದ ನಾಯಕರನ್ನು ಮುಗಿಸಿದರೆ ನಾಡಿಗೆ ನೆಮ್ಮದಿ, ಮಡಿದ ಸಹೋದರರಿಗೆ ಪ್ರತೀಕಾರ ಎಂದು ತೀರ್ಮಾನಿಸಿದರು. ಅಲೀಯನ್ನು ನನಗೆ ಬಿಡಿ ಎಂದ ಇಬ್ನು ಮುಲ್ಜಮ್. ಬುರಕ್ ಮುಆವಿಯಾ(ರ)ರನ್ನು, ಅಮ್ರ್ ಇಬ್ನು ಬಕ್ರ್ ಈಜಿಪ್ಟಿನ ಅಮ್ರ್ ಇಬ್ನುಲ್ ಆಸ್(ರ)ರನ್ನು ವಹಿಸಿಕೊಂಡರು. ಮೂರು ಪಟ್ಟಣಗಳಲ್ಲಿ ಒಂದೇ ಮುಂಜಾವಿಗೆ ಹೊಡೆಯಬೇಕೆಂದು ದಿನ ಗೊತ್ತುಪಡಿಸಿ, ಖಡ್ಗಗಳಿಗೆ ವಿಷ ಹಚ್ಚಿ ಹೊರಟರು.

ಇಬ್ನು ಮುಲ್ಜಮ್ ಕೂಫಾ ತಲುಪಿದ ಮೇಲೆ ಆದದ್ದೇನೆಂಬುದು ಹೆಚ್ಚಿನವರಿಗೆ ತಿಳಿದ ಕಥೆ. ನಹ್ರವಾನ್‌ನಲ್ಲಿ ತಮ್ಮವರನ್ನು ಕಳೆದುಕೊಂಡ ತೈಮುರ್ರಿಬಾಬ್ ಗೋತ್ರದವರ ನಡುವೆ ಅವನು ಕತಾಮ್ ಎಂಬ ಸುಂದರಿಯನ್ನು ಕಂಡ. ಅವಳ ತಂದೆಯೂ ಸಹೋದರನೂ ಅಲ್ಲಿ ಮಡಿದಿದ್ದರು. ಮದುವೆಯ ಪ್ರಸ್ತಾಪವಿಟ್ಟಾಗ ಅವಳು ಮಹ್ರ್ ಆಗಿ 3,000 ದಿರ್ಹಮ್, ಒಬ್ಬ ಗುಲಾಮ, ಒಬ್ಬ ಹಾಡುಗಾರ್ತಿ ದಾಸಿ ಮತ್ತು ಅಲೀಯ ಪ್ರಾಣ ಕೇಳಿದಳು.

ಪ್ರವಚನಗಳಲ್ಲಿಯೂ ಕಥೆಗಳಲ್ಲಿಯೂ ಈ ಭಾಗವೇ ಉಬ್ಬಿಕೊಂಡಿದೆ. ಒಬ್ಬ ಹೆಣ್ಣಿನ ಮೋಹ ಒಬ್ಬ ಭಕ್ತನನ್ನು ಹಾಳುಮಾಡಿತು ಎಂದು ಹೇಳಿ ಮುಗಿಸಲಾಗುತ್ತದೆ. ನಮಗೆ ಇದು ಒಪ್ಪಿಗೆಯಾಗುವುದಿಲ್ಲ. ತಬರೀಯವರು ದಾಖಲಿಸಿರುವ ವೃತ್ತಾಂತವನ್ನೇ ಗಮನಿಸಿ ಓದಿದರೆ, ಅವಳ ಬೇಡಿಕೆಗೆ ಇಬ್ನು ಮುಲ್ಜಮ್ ಕೊಟ್ಟ ಉತ್ತರ ತಾನು ಈ ಪಟ್ಟಣಕ್ಕೆ ಬಂದಿರುವುದೇ ಅಲೀಯನ್ನು ಕೊಲ್ಲಲಿಕ್ಕೆ ಎಂಬುದು. ಸಂಚು ಮಕ್ಕಾದಲ್ಲಿಯೇ ಸಿದ್ಧವಾಗಿತ್ತು. ಕತಾಮ್ ಅವನಿಗೆ ಹೊಸ ಉದ್ದೇಶವನ್ನೇನೂ ಕೊಡಲಿಲ್ಲ, ಇದ್ದ ಉದ್ದೇಶಕ್ಕೆ ನೆರವು ಕೊಟ್ಟಳು, ತನ್ನ ಗೋತ್ರದ ವರ್ದಾನ್ ಎಂಬವನನ್ನು ಜೊತೆಗೂಡಿಸಿದಳು. ಮೋಹದ ಕಥೆ ನಮಗೆ ಹಿತವಾಗುವುದಕ್ಕೆ ಕಾರಣವೂ ಇದೆ. ಆಗ ಅಪರಾಧವೆಲ್ಲ ಒಂದು ಹೆಣ್ಣಿನ ಮುಖದ ಮೇಲೆ ಹೋಗುತ್ತದೆ. ಕುರ್‌ಆನ್ ಓದಿದವನು ಓದಿದ್ದು ಹೇಗೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಅವನ ನಿಜವಾದ ಪ್ರೇರಣೆ ಹೊರಬೀಳುವುದು ಇನ್ನೊಂದು ಸಂಭಾಷಣೆಯಲ್ಲಿ. ಶಬೀಬ್ ಇಬ್ನು ಬಜರಾ ಎಂಬವನ ನೆರವನ್ನು ಅವನು ಕೇಳಿದ. ಶಬೀಬ್ ಕೂಡ ಖವಾರಿಜ್ ಚಿಂತನೆಯವನೇ. ಆದರೂ ಅವನ ಮನಸ್ಸು ಹಿಂಜರಿಯಿತು. ಅಲೀಯಲ್ಲದೆ ಬೇರಾರಾದರೂ ಆಗಿದ್ದರೆ ನನಗೆ ಸುಲಭವಾಗುತ್ತಿತ್ತು, ಇಸ್ಲಾಮಿಗಾಗಿ ಅವರು ಪಟ್ಟ ಕಷ್ಟ, ಪ್ರವಾದಿಯ ಜೊತೆ ಅವರ ಹಿರಿತನ ನಿನಗೆ ಗೊತ್ತಲ್ಲವೇ ಎಂದ. ಇಲ್ಲಿ ಇಬ್ನು ಮುಲ್ಜಮ್ ಕುರ್‌ಆನಿನ ವಚನವನ್ನು ಮುಂದಿಡಬಹುದಿತ್ತು, ಅಲ್ಲಾಹನ ತೀರ್ಪಿನ ಮಾತೆತ್ತಬಹುದಿತ್ತು. ಅವನು ಕೇಳಿದ್ದು ಒಂದೇ: ನಹ್ರವಾನ್‌ನ ಸಜ್ಜನರನ್ನು ಅವರು ಕೊಂದದ್ದು ಹೌದೋ ಅಲ್ಲವೋ? ಹೌದೆಂದ ಶಬೀಬ್. ಹಾಗಾದರೆ ನಮ್ಮ ಸಹೋದರರ ಬದಲಿಗೆ ಅವರನ್ನು ಕೊಲ್ಲೋಣ ಎಂದ ಇವನು.

ಅಂದರೆ ಕೊನೆಗೆ ಉಳಿದದ್ದು ರಕ್ತಕ್ಕೆ ರಕ್ತ ಎಂಬ ಹಳೆಯ ಅರಬ್ ಗೋತ್ರಗಳ ಲೆಕ್ಕ. ಇಸ್ಲಾಮ್ ಕಾಲಡಿಯಲ್ಲಿ ಹಾಕಿ ತುಳಿದ ಅಜ್ಞಾನಕಾಲದ ಪ್ರತೀಕಾರವೇ ಧರ್ಮದ ಉಡುಪು ತೊಟ್ಟು ಮರಳಿತ್ತು. ತಾನು ಅಲ್ಲಾಹನಿಗಾಗಿ ಸಿಟ್ಟಾಗಿದ್ದೇನೆಂದು ಇಬ್ನು ಮುಲ್ಜಮ್ ಪ್ರಾಮಾಣಿಕವಾಗಿ ನಂಬಿದ್ದ. ತನ್ನ ಸತ್ತ ಗೆಳೆಯರಿಗಾಗಿ ಎಷ್ಟು, ಅಲ್ಲಾಹನಿಗಾಗಿ ಎಷ್ಟು ಎಂದು ಬೇರ್ಪಡಿಸಿ ನೋಡುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಅಲೀ(ರ)ರಿಗೆ ಅವನ ಬಗ್ಗೆ ಸುಳಿವಿತ್ತೆಂದು ಹಲವು ವರದಿಗಳಿವೆ. ಹಾಗಿದ್ದರೆ ಅವನನ್ನು ಮುಗಿಸಬಾರದೇಕೆ ಎಂದು ಕೇಳಿದವರಿಗೆ, ಇನ್ನೂ ಅಪರಾಧ ಮಾಡದವನನ್ನು ಹೇಗೆ ಕೊಲ್ಲುವುದು ಎಂಬರ್ಥದ ಉತ್ತರ ಕೊಟ್ಟರಂತೆ. ಅವರು ಕಾವಲುಗಾರರನ್ನಿಟ್ಟುಕೊಂಡು ನಡೆಯುತ್ತಿರಲಿಲ್ಲ.

ಆ ಮುಂಜಾವು ಅವರು ವಾಡಿಕೆಯಂತೆ ಜನರನ್ನು ನಮಾಝಿಗೆ ಎಬ್ಬಿಸುತ್ತ ಮಸೀದಿಗೆ ಬಂದರು. ಅವರು ಒಳಬರುವ ಬಾಗಿಲ ಬಳಿ ಕಾದಿದ್ದ ಶಬೀಬ್‌ನ ಏಟು ಗುರಿತಪ್ಪಿ ಬಾಗಿಲ ಚೌಕಟ್ಟಿಗೆ ತಾಗಿತು. ಇಬ್ನು ಮುಲ್ಜಮ್‌ನ ಏಟು ತಲೆಗೆ ಬಿತ್ತು. ತೀರ್ಪು ಅಲ್ಲಾಹನದು, ನಿನ್ನದಲ್ಲ ಎಂಬ ಅದೇ ಘೋಷಣೆಯನ್ನು ಅವನು ಕೂಗಿದ್ದ. ಶಬೀಬ್ ಜನಜಂಗುಳಿಯಲ್ಲಿ ತಪ್ಪಿಸಿಕೊಂಡ. ವರ್ದಾನ್ ಮನೆಗೆ ಓಡಿ ಅಲ್ಲಿ ತನ್ನ ಬಂಧುವಿನ ಕೈಯಲ್ಲಿಯೇ ಹತನಾದ. ಇಬ್ನು ಮುಲ್ಜಮ್ ಸೆರೆಸಿಕ್ಕ. ರಕ್ತ ಹರಿಯುತ್ತಿದ್ದರೂ ಅಲೀ(ರ) ಫಜ್ರ್ ನಮಾಝ್ ನಿಲ್ಲಬಾರದೆಂದು ಸಹೋದರಿ ಉಮ್ಮು ಹಾನಿಯವರ ಮಗ ಜಅ್‌ದಾರನ್ನು ಮುಂದೆ ನಿಲ್ಲಿಸಿದರು.

ಸೆರೆಯಾಳನ್ನು ಮುಂದೆ ತಂದಾಗ ಮಗಳು ಉಮ್ಮು ಕುಲ್ಸೂಮ್ ಅಳುತ್ತ, ನನ್ನ ತಂದೆಗೆ ಏನೂ ಆಗದು ಎಂದರು. ಹಾಗಾದರೆ ಯಾರಿಗಾಗಿ ಅಳುತ್ತಿರುವೆ ಎಂದು ಕೇಳಿದ ಇಬ್ನು ಮುಲ್ಜಮ್. ಖಡ್ಗವನ್ನು ಸಾವಿರಕ್ಕೆ ಕೊಂಡೆ, ಸಾವಿರ ಕೊಟ್ಟು ವಿಷ ಹಚ್ಚಿಸಿದೆ, ಈ ಪಟ್ಟಣದವರೆಲ್ಲರಿಗೂ ಆ ಏಟು ಬಿದ್ದಿದ್ದರೆ ಒಬ್ಬನೂ ಉಳಿಯುತ್ತಿರಲಿಲ್ಲ ಎಂದ. ಇದನ್ನು ಓದುವಾಗ ನಮ್ಮ ಮೈ ನಡುಗುತ್ತದೆ.

ಅಲೀ(ರ)ರ ಆಜ್ಞೆ ಬೇರೆಯೇ ಸ್ವರದಲ್ಲಿತ್ತು. ಅವನಿಗೆ ಒಳ್ಳೆಯ ಊಟ ಕೊಡಿ, ಮಲಗಲು ಮೆತ್ತಗಿನ ಹಾಸಿಗೆ ಕೊಡಿ. ನಾನು ಬದುಕಿದರೆ ಕ್ಷಮಿಸುವುದೋ ಪ್ರತೀಕಾರ ಪಡೆಯುವುದೋ ನನಗೆ ಬಿಟ್ಟದ್ದು. ಸತ್ತರೆ ಒಂದು ಏಟಿಗೆ ಒಂದೇ ಏಟು, ಅಂಗಾಂಗ ಕತ್ತರಿಸಬೇಡಿ, ಹುಚ್ಚುನಾಯಿಗೂ ಹಾಗೆ ಮಾಡುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆ. ಖಲೀಫರು ಕೊಲ್ಲಲ್ಪಟ್ಟರು ಎಂಬ ಹೆಸರಿನಲ್ಲಿ ಮುಸ್ಲಿಮರ ರಕ್ತ ಹರಿಸಬೇಡಿ, ನನ್ನ ಕೊಲೆಗಾರನಲ್ಲದೆ ಬೇರಾರಿಗೂ ಶಿಕ್ಷೆಯಾಗಕೂಡದು. ತನ್ನ ಮನೆತನವನ್ನು ಕೂರಿಸಿ ಅವರು ಹೇಳಿದ್ದರ ಸಾರಾಂಶವಿದು. ಇಬ್ನು ಮುಲ್ಜಮ್‌ನ ಗೋತ್ರ, ಅವನ ಪಂಗಡ, ಅವನಿಗೆ ಆಶ್ರಯ ಕೊಟ್ಟ ಮನೆ ಇವುಗಳ ಮೇಲೆ ಅಂದು ಕೂಫಾ ಮುಗಿಬೀಳಬಹುದಿತ್ತು. ಸಾಯುತ್ತಿದ್ದವರು ಅದನ್ನು ಮೊದಲೇ ಕಂಡು ತಡೆದರು. ಎರಡು ದಿನಗಳ ಬಳಿಕ ಅವರು ಅಲ್ಲಾಹನೆಡೆಗೆ ಮರಳಿದರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ಉಳಿದಿಬ್ಬರ ಕಥೆ ಚಿಕ್ಕದು. ದಮಾಸ್ಕಸ್‌ನಲ್ಲಿ ಬುರಕ್‌ನ ಏಟು ಮುಆವಿಯಾ(ರ)ರ ಪೃಷ್ಠಕ್ಕೆ ತಾಗಿತು, ಚಿಕಿತ್ಸೆಯಿಂದ ಅವರು ಚೇತರಿಸಿಕೊಂಡರು. ಈಜಿಪ್ಟಿನಲ್ಲಿ ಅಂದು ಹೊಟ್ಟೆನೋವಿನಿಂದಾಗಿ ಅಮ್ರ್(ರ) ನಮಾಝಿಗೆ ಬಂದಿರಲಿಲ್ಲ. ಅವರ ಬದಲು ನಿಂತ ಖಾರಿಜಾ ಇಬ್ನು ಹುದಾಫಾ ಕತ್ತಲಲ್ಲಿ ಹತರಾದರು. ತಾನು ಬಯಸಿದ್ದು ಅಮ್ರ್‌ರನ್ನು, ಅಲ್ಲಾಹನು ಬಯಸಿದ್ದು ಖಾರಿಜಾರನ್ನು ಎಂದು ಹಂತಕ ಆಡಿದ ಮಾತು ಅರಬಿ ಭಾಷೆಯಲ್ಲಿ ಗಾದೆಯಾಗಿ ಉಳಿಯಿತು.

ಮೂವರು ನಾಯಕರು ಇಲ್ಲವಾದರೆ ಉಮ್ಮತ್ ಸ್ವಚ್ಛವಾಗುವುದೆಂದು ಸಂಚುಗಾರರು ಎಣಿಸಿದ್ದರು. ಆದದ್ದು ತದ್ವಿರುದ್ಧ. ಮರುವರ್ಷವೇ ಹ. ಹಸನ್(ರ) ರಕ್ತಪಾತ ನಿಲ್ಲಿಸಲು ಅಧಿಕಾರವನ್ನು ಮುಆವಿಯಾ(ರ)ರಿಗೆ ಬಿಟ್ಟುಕೊಟ್ಟರು. ಮಾರ್ಗದರ್ಶಿತ ಖಿಲಾಫತ್ ಮುಗಿದು ವಂಶಾಡಳಿತಕ್ಕೆ ದಾರಿ ತೆರೆಯಿತು. ಯಾರ ಆಡಳಿತವನ್ನು ಖವಾರಿಜರು ಸಿಫ್ಫೀನ್‌ನಲ್ಲಿ ಎಲ್ಲರಿಗಿಂತ ಹೆಚ್ಚು ದ್ವೇಷಿಸಿದ್ದರೋ ಅವರಿಗೇ ಇಬ್ನು ಮುಲ್ಜಮ್‌ನ ಖಡ್ಗ ಇಡೀ ಸಾಮ್ರಾಜ್ಯವನ್ನು ಒದಗಿಸಿತು. ಮಸೀದಿಯಲ್ಲಿ ಆಡಳಿತಗಾರನಿಗಾಗಿ ಪ್ರತ್ಯೇಕ ಆವರಣ ಬಂತು, ಸುಜೂದ್ ಮಾಡುವಾಗ ತಲೆಯ ಬಳಿ ಕಾವಲುಗಾರ ಬಂದ. ಜನಸಾಮಾನ್ಯರ ಸಾಲಿನಲ್ಲಿ ಕಾವಲಿಲ್ಲದೆ ನಡೆದುಬರುವ ಖಲೀಫರ ಕಾಲ ಕೂಫಾದ ಆ ಬಾಗಿಲಲ್ಲಿ ಕೊನೆಗೊಂಡಿತು.

ಇಬ್ನು ಮುಲ್ಜಮ್‌ನನ್ನು ಹಸನ್(ರ) ಒಂದೇ ಏಟಿಗೆ ಕೊಂದರೆಂದು ಕೆಲವು ಗ್ರಂಥಗಳಲ್ಲಿದೆ. ಇನ್ನು ಕೆಲವು ವರದಿಗಳಲ್ಲಿ, ಅಲೀ(ರ)ರ ಆಜ್ಞೆ ಮೀರಿ ಸಿಟ್ಟಿಗೆದ್ದವರು ಅವನ ಕೈಕಾಲು ಕಡಿದರು, ಕಣ್ಣಿಗೆ ಕಾಯಿಸಿದ ಕಬ್ಬಿಣ ಎಳೆದರು, ಅವನು ಕುರ್‌ಆನ್ ಓದುತ್ತಲೇ ಇದ್ದ ಎಂದಿದೆ. ನಾಲಗೆ ಕತ್ತರಿಸಲು ಬಂದಾಗ ಮಾತ್ರ ಅವನು ತತ್ತರಿಸಿದನಂತೆ. ಕಾರಣ ಕೇಳಿದರೆ, ಅಲ್ಲಾಹನ ಸ್ಮರಣೆಯಿಲ್ಲದೆ ಈ ಲೋಕದಲ್ಲಿ ಒಂದು ಕ್ಷಣವೂ ಇರಲಾರೆ ಎಂದನಂತೆ.

ಪ್ರವಾದಿವರ್ಯರು(ಸ) ಮುಂದೆ ಬರಲಿರುವ ಒಂದು ಗುಂಪಿನ ಬಗ್ಗೆ ಎಚ್ಚರಿಸಿದ್ದರು. ಅವರ ನಮಾಝಿನ ಮುಂದೆ ನಿಮ್ಮ ನಮಾಝ್ ನಿಮಗೆ ಅಲ್ಪವಾಗಿ ತೋರುವುದು, ಅವರು ಕುರ್‌ಆನ್ ಓದುವರು ಆದರೆ ಅದು ಗಂಟಲಿನಿಂದ ಕೆಳಗಿಳಿಯದು ಎಂಬುದು ಆ ಎಚ್ಚರಿಕೆಯ ಭಾವ. ನಮ್ಮ ವಿದ್ವಾಂಸರು ಇದನ್ನು ಖವಾರಿಜರಿಗೆ ಅನ್ವಯಿಸಿದ್ದಾರೆ.

ಇಬ್ನು ಮುಲ್ಜಮ್‌ನಿಗೆ ಹೊಗಳುಭಟರೂ ಸಿಕ್ಕರು. ಇಮ್ರಾನ್ ಇಬ್ನು ಹಿತ್ತಾನ್ ಎಂಬ ಖವಾರಿಜ್ ಕವಿ ಆ ಏಟನ್ನು ದೇವಭಕ್ತನೊಬ್ಬನ ಪುಣ್ಯಕಾರ್ಯವೆಂದು ಹಾಡಿದ. ಅದಕ್ಕೆ ಉತ್ತರವಾಗಿ ಬಕ್ರ್ ಇಬ್ನು ಹಮ್ಮಾದ್ ಮೊದಲಾದ ಕವಿಗಳು ಖಂಡನೆಯ ಕವಿತೆ ಬರೆದರು. ವಿಶೇಷವೆಂದರೆ, ಇದೇ ಇಮ್ರಾನ್‌ನ ಮೂಲಕ ಬಂದ ಹದೀಸನ್ನು ಇಮಾಮ್ ಬುಖಾರಿಯವರು ತಮ್ಮ ಸಂಗ್ರಹದಲ್ಲಿ ಸೇರಿಸಿಕೊಂಡಿದ್ದಾರೆ. ಹದೀಸ್ ವಿದ್ವಾಂಸರಿಗೆ ಖವಾರಿಜರ ಚಿಂತನೆ ಒಪ್ಪಿಗೆಯಿರಲಿಲ್ಲ, ಆದರೆ ಅವರು ಸುಳ್ಳಾಡುವವರಲ್ಲವೆಂಬುದು ಆ ವಿದ್ವಾಂಸರಲ್ಲಿ ಹಲವರಿಗೆ ಖಚಿತವಿತ್ತು.